ಬ್ರೇಕ್ ಬಿಡಿಭಾಗ: ಬೆಲೆಗಿಂತ ಮೊದಲು ಹೆಸರು ನೋಡಬೇಕು

ದ್ವಿಚಕ್ರ ವಾಹನಗಳ ಅಗ್ಗದ ಬ್ರೇಕ್ ಸಾಮಗ್ರಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಮೋಟಾರ್ ಸೈಕಲ್ ಇಂದು ಸವಾರಿಯ ವಾಹನ ಮಾತ್ರವಲ್ಲ, ಹೊರೆಯ ವಾಹನವೂ ಆಗಿದೆ. ಮುಂಜಾನೆ ಹಾಲಿನ ಕ್ಯಾನುಗಳು ಡೇರಿಗೆ, ಅನಂತರ ಮಕ್ಕಳು ಶಾಲೆಗೆ, ಹಗಲಿನಲ್ಲಿ ಗೊಬ್ಬರದ ಚೀಲ, ಹಿಪ್ಪುನೇರಳೆ ಸೊಪ್ಪಿನ ಹೊರೆ, ಮದ್ದೂರಿನ ಮಾರುಕಟ್ಟೆಗೆ ಎಳನೀರಿನ ಗೊನೆ ಎಲ್ಲವೂ ಅದೇ ಗಾಡಿಯ ಮೇಲೆ ಸಾಗುತ್ತವೆ. 40 ಲೀಟರಿನ ಎರಡು ಕ್ಯಾನುಗಳಲ್ಲಿ ಹಾಲು ತುಂಬಿದರೆ ಸವಾರನ ಹಿಂದೆ 80 ಕಿಲೋಗೂ ಮಿಗಿಲಾದ ತೂಕವಿರುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಕೆ.ಎಂ.ದೊಡ್ಡಿ ಮತ್ತು ಕೊಪ್ಪದ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಿಲ್ಲುತ್ತ ಹೊರಡುತ್ತ ಹೋಗಬೇಕಾಗುತ್ತದೆ. ಹಲಗೂರಿನಿಂದ ಕಾಡಿನ ನಡುವೆ ಮುತ್ತತ್ತಿಗೆ ಇಳಿಯುವ ದಾರಿಯಲ್ಲಿ ಬ್ರೇಕ್ ಮೇಲಿನ ಕೈಕಾಲು ತೆಗೆಯುವಂತಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದಿರುವುದರಿಂದ, ಮದ್ದೂರು ಮತ್ತು ಮಂಡ್ಯದ ಸವಾರರು ಜನ, ಜಾನುವಾರು, ಬಸ್ಸುಗಳು ಸೇರುವ ಸರ್ವೀಸ್ ರಸ್ತೆಗಳಲ್ಲಿಯೇ ಸಂಚರಿಸುತ್ತಾರೆ.

ಇಷ್ಟೆಲ್ಲ ಕೆಲಸ ಮಾಡುವ ವಾಹನದ ಬ್ರೇಕ್ ಷೂ ಸವೆದಾಗ ಅಂಗಡಿಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಒರಿಜಿನಲ್ ಹಾಕಲೋ, ಲೋಕಲ್ ಹಾಕಲೋ?" ಎರಡರ ನಡುವಿನ ವ್ಯತ್ಯಾಸ ನೂರಿನ್ನೂರು ರೂಪಾಯಿ. ದಿನಗೂಲಿಯ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ. ಆದ್ದರಿಂದ "ದುಬಾರಿಯದನ್ನೇ ಕೊಳ್ಳಿರಿ" ಎಂಬ ಉಪದೇಶ ಹಳ್ಳಿಯಲ್ಲಿ ನಿಲ್ಲುವುದಿಲ್ಲ. ನಿಲ್ಲಬೇಕಾದ ಅಗತ್ಯವೂ ಇಲ್ಲ. ಅಗ್ಗದ್ದೆಲ್ಲ ಕೆಟ್ಟದ್ದಲ್ಲ. ಆದರೆ ತಯಾರಕನ ಹೆಸರು, ವಿಳಾಸವಿಲ್ಲದ ಬ್ರೇಕ್ ಬಿಡಿಭಾಗವನ್ನು ಯಾವ ಬೆಲೆಗೂ ನಂಬಲಾಗದು. ಈ ಭೇದವನ್ನು ಸದಸ್ಯರು ಮೊದಲು ತಿಳಿದು, ಅನಂತರ ತಮ್ಮ ವಾರ್ಡಿನ ಜನರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ವಿಷಯದ ಗಾಂಭೀರ್ಯ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಅಂದರೆ ನೂರಕ್ಕೆ ಸುಮಾರು 44 ಮಂದಿ. ಈ ಸಾವುಗಳೆಲ್ಲ ಬ್ರೇಕ್ ದೋಷದಿಂದಾದವಲ್ಲ. ಅತಿವೇಗವೇ ಮೊದಲ ಕಾರಣ. ಆದರೆ ಸವಾರನ ತಪ್ಪಾಗಲಿ ಎದುರಿನವನ ತಪ್ಪಾಗಲಿ, ಅದನ್ನು ಕೊನೆಯ ಗಳಿಗೆಯಲ್ಲಿ ಸರಿಪಡಿಸುವ ಸಾಧನ ಬ್ರೇಕ್ ಒಂದೇ.

ಬ್ರೇಕಿನ ಶಕ್ತಿ ಸ್ವಲ್ಪ ಕುಂದಿದರೆ ಏನಾಗುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ಅರಿಯಬಹುದು. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೆ ಆ 17 ಮೀಟರ್ ಆಗಲೇ ಮುಗಿದಿರುತ್ತದೆ. ಅಲ್ಲಿಂದ ಮುಂದೆ, ಸುಸ್ಥಿತಿಯ ಬ್ರೇಕ್ ಇರುವ ಗಾಡಿ ಸುಮಾರು 28 ಮೀಟರಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳೋಣ. ಬ್ರೇಕಿನ ಹಿಡಿತ ಶೇ 30ರಷ್ಟು ಕಡಿಮೆಯಾದ ಗಾಡಿಗೆ ಸುಮಾರು 40 ಮೀಟರ್ ಬೇಕು. ಮೊದಲ ಗಾಡಿ ಪೂರ್ಣವಾಗಿ ನಿಂತ ಜಾಗವನ್ನು ಎರಡನೆಯ ಗಾಡಿ ಗಂಟೆಗೆ ಸುಮಾರು 33 ಕಿ.ಮೀ. ವೇಗದಲ್ಲಿ ದಾಟುತ್ತಿರುತ್ತದೆ. ಆ ಜಾಗದಲ್ಲಿ ಶಾಲೆಯ ಮಗುವೋ ಕಬ್ಬಿನ ಟ್ರೇಲರಿನ ಹಿಂಭಾಗವೋ ಇದ್ದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಊರೊಳಗೆ ನಿಧಾನವಾಗಿ ಓಡಿಸುವಾಗ "ಬ್ರೇಕ್ ಚೆನ್ನಾಗಿಯೇ ಇದೆ" ಎಂದು ತೋರುವುದು ಸಹಜ. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುವುದರಿಂದ, ಕೊರತೆ ಬಯಲಾಗುವುದು ಹೆದ್ದಾರಿಯಲ್ಲಿ.

ಬ್ರೇಕ್ ಷೂ ಒಳಗೆ ಏನಿದೆ

ಬ್ರೇಕ್ ಎಂದರೆ ಓಟದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವ ಸಾಧನ. ಇಬ್ಬರು ಕುಳಿತ ಸಾಧಾರಣ ಗಾಡಿಯನ್ನು 60 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖವೆಲ್ಲ ಒಂದು ಕಿಲೋ ಕಬ್ಬಿಣಕ್ಕೆ ಹೋದರೆ ಅದರ ಉಷ್ಣತೆ ಸುಮಾರು 75 ಡಿಗ್ರಿ ಏರುತ್ತದೆ. ಇಳಿಜಾರಿನಲ್ಲಿ ಹೊರೆಯೊಂದಿಗೆ ಮತ್ತೆ ಮತ್ತೆ ಬ್ರೇಕ್ ಹಿಡಿದಾಗ ಈ ಶಾಖ ಒಂದರ ಮೇಲೊಂದು ಸೇರುತ್ತ ಹೋಗುತ್ತದೆ.

ಈ ಶಾಖವನ್ನು ತಾಳಬೇಕಾದದ್ದು ಷೂ ಅಥವಾ ಪ್ಯಾಡಿನ ಮೇಲಿರುವ ಲೈನಿಂಗ್. ನಾರು, ಲೋಹದ ಪುಡಿ, ಗ್ರಾಫೈಟ್ ಮುಂತಾದ ಹಲವು ಪದಾರ್ಥಗಳನ್ನು ರಾಳದೊಂದಿಗೆ ಬೆರೆಸಿ, ಶಾಖ ಮತ್ತು ಒತ್ತಡದಲ್ಲಿ ಹದಗೊಳಿಸಿ, ಅಲ್ಯೂಮಿನಿಯಂ ಷೂ ಅಥವಾ ಉಕ್ಕಿನ ತಗಡಿಗೆ ವಿಶೇಷ ಅಂಟಿನಿಂದ ಬೆಸೆದು ಅದನ್ನು ತಯಾರಿಸುತ್ತಾರೆ. ಖರ್ಚು ಉಳಿಸುವ ತಯಾರಕನು ಎಲ್ಲಿ ಉಳಿಸಿದರೂ ಅದು ಹೊರನೋಟಕ್ಕೆ ಕಾಣುವುದಿಲ್ಲ. ಕೀಳು ದರ್ಜೆಯ ರಾಳ ಕಾದಾಗ ಕೊಳೆತು ಅನಿಲ ಬಿಡುತ್ತದೆ. ಲೈನಿಂಗ್ ಗಾಜಿನಂತೆ ನುಣುಪಾಗಿ ಜಾರತೊಡಗುತ್ತದೆ. ಅಂಟು ಸರಿಯಿಲ್ಲದಿದ್ದರೆ ಲೈನಿಂಗ್ ಷೂವಿನಿಂದ ಕಳಚಿ ಡ್ರಮ್ಮಿನ ನಡುವೆ ಸಿಕ್ಕಿಕೊಂಡು ಚಕ್ರವನ್ನು ಹಠಾತ್ತನೆ ಬಿಗಿಯಬಹುದು. ಲೋಹದ ಚೂರುಗಳು ಹೆಚ್ಚಾಗಿ ಗಡುಸಾದ ಲೈನಿಂಗ್ ಡ್ರಮ್ಮನ್ನೇ ಗೀರಿ ತಿನ್ನುತ್ತದೆ. ಬಹುತೇಕ ಗಾಡಿಗಳಲ್ಲಿ ಡ್ರಮ್ ಚಕ್ರದ ಹಬ್ಬಿನೊಂದಿಗೆ ಒಂದೇ ಎರಕವಾಗಿರುವುದರಿಂದ ಅದು ಹಾಳಾದರೆ ಷೂವಿನ ಬೆಲೆಯ ಅನೇಕ ಪಟ್ಟು ಖರ್ಚು ಬೀಳುತ್ತದೆ. ನೂರು ರೂಪಾಯಿಯ ಉಳಿತಾಯ ಹೀಗೆ ಸಾವಿರಾರು ರೂಪಾಯಿಯ ನಷ್ಟವಾಗುವುದುಂಟು.

ಇತರ ಭಾಗಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬ್ರೇಕ್ ಕೇಬಲ್ಲಿನ ತುದಿಯಲ್ಲಿರುವ ಲೋಹದ ಗುಂಡು ಗಟ್ಟಿಯಾಗಿ ಬೆಸೆದಿರದಿದ್ದರೆ ಬಲವಾಗಿ ಒತ್ತಿದ ಗಳಿಗೆಯಲ್ಲಿಯೇ ಕಳಚಿಕೊಳ್ಳುತ್ತದೆ. ಷೂಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಸಡಿಲವಾದರೆ ಬ್ರೇಕ್ ಸದಾ ಉಜ್ಜುತ್ತಲೇ ಇರುತ್ತದೆ. ಡಿಸ್ಕ್ ಬ್ರೇಕಿನ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದೆ. ತೇವ ಹೀರಿದ ಮೇಲೆ ಈ ಮಿತಿ 155 ಡಿಗ್ರಿ. ಆಯಿಲ್ ಕುದಿದರೆ ಲಿವರ್ ಒತ್ತಿದಾಗ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲ್ ಸುರಿಯುವುದಂತೂ ಒಳಗಿನ ರಬ್ಬರ್ ಭಾಗಗಳನ್ನು ಉಬ್ಬಿಸಿ ಕೆಡಿಸುವ ಕೆಲಸ.

ಮಾರುಕಟ್ಟೆಯಲ್ಲಿರುವ ನಾಲ್ಕು ಬಗೆ

"ಒರಿಜಿನಲ್" ಮತ್ತು "ಲೋಕಲ್" ಎಂಬ ಎರಡೇ ವಿಂಗಡಣೆ ಜನರನ್ನು ತಪ್ಪುದಾರಿಗೆ ಎಳೆಯುತ್ತದೆ. ವಾಸ್ತವದಲ್ಲಿ ನಾಲ್ಕು ಬಗೆಗಳಿವೆ.

1. ವಾಹನ ಕಂಪನಿಯ ಹೆಸರಿನ ಪೊಟ್ಟಣದಲ್ಲಿ ಬರುವ ಬಿಡಿಭಾಗ. ಬೆಲೆ ಹೆಚ್ಚು, ಅಳತೆ ಮತ್ತು ಗುಣಮಟ್ಟಕ್ಕೆ ಕಂಪನಿಯೇ ಹೊಣೆ.

2. ಬಿಡಿಭಾಗ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವ ಸಾಮಗ್ರಿ. ವಾಹನ ಕಂಪನಿಗಳು ಬ್ರೇಕ್ ಷೂಗಳನ್ನೆಲ್ಲ ತಾವೇ ತಯಾರಿಸುವುದಿಲ್ಲ. ಎಎಸ್‌ಕೆ ಆಟೋಮೋಟಿವ್, ಎಂಡ್ಯೂರೆನ್ಸ್ ಮುಂತಾದ ತಯಾರಕರಿಂದ ಪಡೆಯುತ್ತವೆ. ಇಂತಹ ತಯಾರಕರು ಬಿಡಿಭಾಗಗಳ ಅಂಗಡಿಗಳಿಗೂ ಮಾಲು ಒದಗಿಸುತ್ತಾರೆ. ಈ ಹೆಸರುಗಳನ್ನು ಉದಾಹರಣೆಗಾಗಿ ಹೇಳಿದೆಯೇ ಹೊರತು ಶಿಫಾರಸಿಗಾಗಿ ಅಲ್ಲ.

3. ತಯಾರಕನ ಹೆಸರು, ವಿಳಾಸ ಯಾವುದೂ ಇಲ್ಲದೆ ಪ್ಲಾಸ್ಟಿಕ್ ಕವರಿನಲ್ಲಿ ಅಥವಾ ಬಿಡಿಯಾಗಿ ಮಾರುವ ಸಾಮಗ್ರಿ.

4. ಹೆಸರಾಂತ ಕಂಪನಿಯ ಪೊಟ್ಟಣವನ್ನು ನಕಲು ಮಾಡಿ ಮಾರುವ ಸಾಮಗ್ರಿ. ನೈಜ ಖಾಲಿ ಪೊಟ್ಟಣಕ್ಕೆ ಬೇರೆ ಮಾಲು ತುಂಬುವುದೂ ಇದರಲ್ಲಿ ಸೇರಿದೆ.

ಬಡ ಸವಾರನಿಗೆ ನೆರವಾಗುವುದು ಎರಡನೆಯ ಬಗೆ. ಇದರ ಬೆಲೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಕಡಿಮೆ; ಕೆಟ್ಟರೆ ಕೇಳಲು ಒಬ್ಬ ತಯಾರಕನಿದ್ದಾನೆ. ಅಂಗಡಿಯವರು ಇದನ್ನೂ ಮೂರನೆಯದನ್ನೂ ಒಟ್ಟಿಗೆ "ಲೋಕಲ್" ಎಂದು ಕರೆಯುವುದರಿಂದಲೇ ಗೊಂದಲ ಹುಟ್ಟುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಅಪಾಯಕಾರಿ. ಏಕೆಂದರೆ ಅಲ್ಲಿ ಗ್ರಾಹಕನು ಪೂರ್ಣ ಬೆಲೆ ಕೊಟ್ಟೂ ಮೋಸಹೋಗುತ್ತಾನೆ. ಹೀಗಾಗಿ ಬೆಲೆ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ನಂಬುವುದೂ, ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ತಳ್ಳುವುದೂ ಸರಿಯಲ್ಲ.

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಏಕರೂಪವಾಗಿ ಶೇ 18 ಆಗಿದೆ. ಮೊದಲು ಹಲವು ಭಾಗಗಳಿಗೆ ಶೇ 28 ಇತ್ತು. "ಬಿಲ್ ಹಾಕಿದರೆ ತೆರಿಗೆ ಜಾಸ್ತಿ" ಎಂಬ ಮಾತಿಗೆ ಈಗ ಹಿಂದಿನಷ್ಟು ಆಧಾರವಿಲ್ಲ.

ಕೊಳ್ಳುವಾಗ ಮತ್ತು ಅಳವಡಿಸುವಾಗ ನೋಡಬೇಕಾದವು

ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳು, 2011ರ ಪ್ರಕಾರ ಪೊಟ್ಟಣದ ಮೇಲೆ ತಯಾರಕ, ಪ್ಯಾಕ್ ಮಾಡಿದವ ಅಥವಾ ಆಮದುದಾರನ ಹೆಸರು ಮತ್ತು ವಿಳಾಸ, ಗರಿಷ್ಠ ಚಿಲ್ಲರೆ ಬೆಲೆ, ಪ್ರಮಾಣ, ತಿಂಗಳು ಮತ್ತು ವರ್ಷ, ಗ್ರಾಹಕರ ದೂರಿನ ಸಂಪರ್ಕ ವಿವರ ಇರಲೇಬೇಕು. ಓದು ಬರಹ ಬಲ್ಲ ಯಾರೇ ಆದರೂ ಮಾಡಬಹುದಾದ ಮೊದಲ ಪರೀಕ್ಷೆ ಇದು. ಇವುಗಳಿಲ್ಲದ ಪೊಟ್ಟಣವನ್ನು ಬ್ರೇಕಿಗೆ ಬಳಸಬಾರದು. ಅದರ ಜೊತೆಗೆ ಈ ಅಂಶಗಳನ್ನು ಗಮನಿಸಬೇಕು:

• ಗಾಡಿಯ ಮಾದರಿ ಮತ್ತು ವರ್ಷ ಹೇಳಿ ಕೊಳ್ಳಬೇಕು. 110 ಮಿ.ಮೀ. ಡ್ರಮ್ಮಿನ ಷೂ 130 ಮಿ.ಮೀ. ಡ್ರಮ್ಮಿಗೆ ಹೊಂದದು. ಹೊಂದದ ಷೂವನ್ನು ಉಜ್ಜಿ ಕೂರಿಸುವುದು ಸಲ್ಲದು.

• ಹಳೆಯ ಮತ್ತು ಹೊಸ ಷೂಗಳನ್ನು ಅಕ್ಕಪಕ್ಕ ಇಟ್ಟು ಅಳತೆ, ತುದಿಗಳ ಆಕಾರ ಹೋಲಿಸಬೇಕು. ಲೈನಿಂಗ್ ಎಲ್ಲೆಡೆ ಒಂದೇ ದಪ್ಪವಿರಬೇಕು. ಅಂಚಿನಲ್ಲಿ ಬಿರುಕು, ಅಂಟಿನ ಸಂದು, ಉಗುರಿಗೆ ಉದುರುವ ಪುಡಿ ಕಂಡರೆ ಹಿಂತಿರುಗಿಸಬೇಕು.

• ಹಾಲೋಗ್ರಾಂ ಅಥವಾ ಕ್ಯೂಆರ್ ಕೋಡ್ ಇದ್ದರೆ ಮೊಬೈಲಿನಲ್ಲಿ ಪರಿಶೀಲಿಸಬೇಕು. ಬಳಸಿದ ಮೇಲೆ ಖಾಲಿ ಪೊಟ್ಟಣವನ್ನು ಹರಿದು ಎಸೆಯಬೇಕು. ಇಡಿಯಾಗಿ ಬಿಟ್ಟರೆ ನಕಲಿ ಮಾಲಿಗೆ ಅದೇ ಅಂಗಿಯಾಗುತ್ತದೆ.

• ಅಳವಡಿಸಿದ ಮೇಲೆ ಚಕ್ರ ಕೈಯಿಂದ ತಿರುಗಿಸಿದಾಗ ಸರಾಗವಾಗಿ ತಿರುಗಬೇಕು. ಪೆಡಲಿನ ಸಡಿಲ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು. ಹೊಸ ಲೈನಿಂಗ್ ಡ್ರಮ್ಮಿಗೆ ಹೊಂದಿಕೊಳ್ಳಲು ಕಾಲ ಬೇಕಾದ್ದರಿಂದ ಮೊದಲ ಕೆಲವು ದಿನ ವೇಗ ಮತ್ತು ಹೊರೆ ಕಡಿಮೆ ಇರಬೇಕು.

• ಬ್ರೇಕ್ ತೋಳಿನ ಬಾಣದ ಗುರುತು ಡ್ರಮ್ ಮುಚ್ಚಳದ ಮೇಲಿನ ಮಿತಿಯ ಗೆರೆಯನ್ನು ಮುಟ್ಟಿದರೆ ಷೂ ಬದಲಾಯಿಸಬೇಕು. ನಟ್ಟು ಬಿಗಿ ಮಾಡುತ್ತ ದಿನ ದೂಡುವುದು ಸರಿಯಲ್ಲ.

ಒಳ್ಳೆಯ ಬಿಡಿಭಾಗವನ್ನೂ ಕೆಟ್ಟ ಅಳವಡಿಕೆ ಹಾಳು ಮಾಡಬಲ್ಲದು. ಲೈನಿಂಗ್ ಮೇಲೆ ಗ್ರೀಸ್ ತಾಗಿದರೆ, ಸವೆದ ಡ್ರಮ್ಮಿಗೆ ಹೊಸ ಷೂ ಹಾಕಿದರೆ, ಕೆಸರು ನೀರು ಒಳಗೆ ನಿಂತರೆ ಬ್ರೇಕ್ ಹಿಡಿಯುವುದಿಲ್ಲ. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಎರಡೂ ಚಕ್ರಗಳ ಬ್ರೇಕ್ ಜೊತೆಯಾಗಿ ಹಿಡಿಯುವ ಸಿಬಿಎಸ್ ವ್ಯವಸ್ಥೆ ಅಥವಾ ಎಬಿಎಸ್, ಅದಕ್ಕಿಂತ ದೊಡ್ಡ ಗಾಡಿಗಳಲ್ಲಿ ಎಬಿಎಸ್ ಕಡ್ಡಾಯವಾಗಿದೆ. ದುರಸ್ತಿಯ ಸಂದರ್ಭದಲ್ಲಿ ಸಿಬಿಎಸ್ ಕೇಬಲ್ಲನ್ನು ಕಳಚಿಬಿಡುವುದು ಸವಾರನಿಗೆ ದೊರೆತ ರಕ್ಷಣೆಯನ್ನೇ ಕಿತ್ತುಕೊಂಡಂತೆ.

ಮೆಕ್ಯಾನಿಕ್‌ಗಳ ಆರೋಗ್ಯವೂ ಇಲ್ಲಿ ಸೇರಿದೆ. ಕೆಲವು ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಹೆಸರಿಲ್ಲದ ಲೈನಿಂಗ್‌ನಲ್ಲಿ ಏನಿದೆ ಎಂಬುದನ್ನು ನೋಡಿ ತಿಳಿಯಲಾಗದು. ಆದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದ ಊದುವುದಾಗಲಿ ಕಂಪ್ರೆಸರ್ ಗಾಳಿಯಿಂದ ಹಾರಿಸುವುದಾಗಲಿ ಮಾಡದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆ ಇದನ್ನು ವಿಶೇಷವಾಗಿ ತಿಳಿಸಬೇಕು.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ, 1988ಕ್ಕೆ 2019ರಲ್ಲಿ ಸೇರಿಸಲಾದ 182-ಎ ಕಲಮಿನ ಪ್ರಕಾರ, ಕೇಂದ್ರ ಸರ್ಕಾರ ನಿರ್ಣಾಯಕ ಸುರಕ್ಷತಾ ಬಿಡಿಭಾಗವೆಂದು ಅಧಿಸೂಚಿಸಿದ ಭಾಗವನ್ನು ನಿಯಮಬಾಹಿರವಾಗಿ ಮಾರಿದವರಿಗೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ 1 ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸವಾರನಿಗೂ ಹೊಣೆಯುಂಟು: ದೋಷವಿದೆಯೆಂದು ತಿಳಿದೂ ಓಡಿಸಿದ ವಾಹನದಿಂದ ಅಪಘಾತವಾಗಿ ಗಾಯ ಅಥವಾ ಆಸ್ತಿನಷ್ಟವಾದರೆ 190ನೇ ಕಲಮಿನಡಿ ಶಿಕ್ಷೆಗೆ ಅವಕಾಶವಿದೆ. ಇನ್ನೊಬ್ಬರ ಹೆಸರಿನ ನಕಲಿ ಪೊಟ್ಟಣ ಮಾರುವುದು ವಾಣಿಜ್ಯ ಚಿಹ್ನೆಗಳ ಕಾಯ್ದೆ, 1999ರ ಪ್ರಕಾರ ಅಪರಾಧ.

ಅಂಗಡಿಯವರಿಗೆ ಮುಖ್ಯವಾಗಿ ತಿಳಿಸಬೇಕಾದದ್ದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 86ನೇ ಕಲಮು. ದೋಷವುಳ್ಳ ವಸ್ತುವಿನಿಂದ ಹಾನಿಯಾದಾಗ ಅದರ ತಯಾರಕ ಯಾರೆಂದು ತಿಳಿಯದಿದ್ದರೆ ಮಾರಿದವನನ್ನೇ ಹೊಣೆಗಾರನನ್ನಾಗಿ ಮಾಡಲು ಅದರಲ್ಲಿ ಅವಕಾಶವಿದೆ. ಹೆಸರಿಲ್ಲದ ಷೂ ಮಾರುವ ವ್ಯಾಪಾರಿ ಕಾಣದ ತಯಾರಕನ ಹೊಣೆಯನ್ನೂ ತನ್ನ ತಲೆಯ ಮೇಲೆ ಹೊರುತ್ತಾನೆ. ಬಹುಪಾಲು ಅಂಗಡಿಯವರು ಊರಿನವರೇ, ಕೊಳ್ಳುವವರ ಪರಿಚಯಸ್ಥರೇ. ಅವರಿಗೆ ದಂಡದ ಬೆದರಿಕೆಗಿಂತ ಈ ವಿವರ ಹೆಚ್ಚು ಉಪಯುಕ್ತ.

ತೊಂದರೆಗೊಳಗಾದ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಮಂಡ್ಯದ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ 2 ವರ್ಷದೊಳಗೆ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ದೂರಿಗೆ ಬಲ ಕೊಡುವುದು ಬಿಲ್ಲು, ಪೊಟ್ಟಣದ ಫೋಟೋ ಮತ್ತು ಕೆಟ್ಟ ಭಾಗ; ಈ ಮೂರನ್ನೂ ಕಾಪಾಡಿಕೊಳ್ಳಬೇಕು. ವಿವರವಿಲ್ಲದ ಪೊಟ್ಟಣಗಳ ಬಗ್ಗೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಮಾಹಿತಿ ನೀಡಬಹುದು.

ಸದಸ್ಯರು ಮಾಡಬಹುದಾದ ಕೆಲಸ

ಅಂಗಡಿಗಳನ್ನು ತಪಾಸಣೆ ಮಾಡಿ ಮಾಲು ವಶಪಡಿಸಿಕೊಳ್ಳುವುದು ಸದಸ್ಯರ ಕೆಲಸವಲ್ಲ, ಅದಕ್ಕೆ ಇಲಾಖೆಗಳಿವೆ. ಜನರಿಗೆ ತಿಳಿಸುವುದು ಮತ್ತು ಪಂಚಾಯಿತಿಯೇ ಮಾದರಿಯಾಗುವುದು ಸದಸ್ಯರ ಕೈಯಲ್ಲಿದೆ.

1. ಪಂಚಾಯಿತಿಯ ಸ್ವಚ್ಛ ವಾಹಿನಿ ಸೇರಿದಂತೆ ಎಲ್ಲ ವಾಹನಗಳ ಬ್ರೇಕ್ ದುರಸ್ತಿಯಲ್ಲಿ ತಯಾರಕರ ಹೆಸರುಳ್ಳ ಬಿಡಿಭಾಗವನ್ನೇ ಬಳಸಿ, ಬಿಲ್ಲಿನಲ್ಲಿ ಆ ಹೆಸರನ್ನು ನಮೂದಿಸುವಂತೆ ನೋಡಿಕೊಳ್ಳಬೇಕು. ಈ ವಾಹನಗಳನ್ನು ಓಡಿಸುವ ಸ್ವಸಹಾಯ ಸಂಘದ ಮಹಿಳೆಯರು ಬ್ರೇಕ್ ದೋಷ ತಿಳಿಸಿದ ದಿನವೇ ದುರಸ್ತಿಯಾಗಬೇಕು.

2. ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಊರಿನ ಮೆಕ್ಯಾನಿಕ್ ಒಬ್ಬರಿಂದ ಸವೆದ ಷೂ ಮತ್ತು ಹೊಸ ಷೂ ತೋರಿಸಿ ವಿವರಿಸುವ ವ್ಯವಸ್ಥೆ ಮಾಡಬೇಕು. ಕಣ್ಣಾರೆ ಕಂಡದ್ದು ಮನಸ್ಸಿನಲ್ಲಿ ಉಳಿಯುತ್ತದೆ.

3. ಹಾಲು ಉತ್ಪಾದಕರ ಸಂಘದ ಆವರಣದಲ್ಲಿ, ಹಾಲು ಹಾಕಲು ಬರುವ ಹೊತ್ತಿನಲ್ಲಿ, ಬ್ರೇಕ್ ತೋಳಿನ ಗುರುತು ನೋಡುವ ಬಗೆಯನ್ನು ತಿಳಿಸಬೇಕು. ಹೆಚ್ಚಿನ ಹೊರೆಯ ಗಾಡಿಗಳು ಸೇರುವುದು ಅಲ್ಲಿಯೇ. ಕಬ್ಬು ಕಟಾವಿಗೆ ಮುನ್ನ ಮತ್ತು ಮಳೆಗಾಲಕ್ಕೆ ಮುನ್ನ ಇದು ನಡೆದರೆ ಉತ್ತಮ.

4. ವ್ಯಾಪ್ತಿಯಲ್ಲಿರುವ ಗ್ಯಾರೇಜ್ ಮತ್ತು ಬಿಡಿಭಾಗಗಳ ಅಂಗಡಿಯವರನ್ನು ಒಮ್ಮೆ ಕರೆದು ಮಾತನಾಡಬೇಕು. ಹೆಸರುಳ್ಳ, ಆದರೆ ಕಡಿಮೆ ಬೆಲೆಯ ಬಿಡಿಭಾಗಗಳನ್ನು ಸಂಗ್ರಹದಲ್ಲಿ ಇಡುವಂತೆ ಕೋರಬೇಕು. ಅಂತಹ ಮಾಲು ಹಳ್ಳಿಯಲ್ಲಿಯೇ ಸಿಗದಿದ್ದರೆ ಯಾವ ತಿಳಿವಳಿಕೆಯೂ ಫಲ ಕೊಡದು.

5. ಮೆಕ್ಯಾನಿಕ್ ಕೆಲಸದಲ್ಲಿ ಆಸಕ್ತಿಯುಳ್ಳ ಯುವಕ ಯುವತಿಯರಿಗೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳ ದ್ವಿಚಕ್ರ ವಾಹನ ದುರಸ್ತಿ ತರಬೇತಿಯ ಮಾಹಿತಿ ನೀಡಬೇಕು.

ಬಡವರಿಗೆ ಅಗ್ಗದ ಬಿಡಿಭಾಗ ಬೇಕೇ ಬೇಕು. ಆದರೆ ಅದು ಯಾರು ತಯಾರಿಸಿದ್ದೆಂದು ಹೇಳಬಲ್ಲ ಬಿಡಿಭಾಗವಾಗಿರಬೇಕು. ಪೊಟ್ಟಣ ತಿರುಗಿಸಿ ಹೆಸರು, ವಿಳಾಸ ಓದುವುದಕ್ಕೆ ಅರ್ಧ ನಿಮಿಷ ಸಾಕು, ಖರ್ಚೇನೂ ಇಲ್ಲ. ಈ ಅಭ್ಯಾಸ ಪ್ರತಿ ಮನೆಯಲ್ಲಿ ಮೂಡುವಂತೆ ಸದಸ್ಯರು ತಮ್ಮ ವಾರ್ಡುಗಳಲ್ಲಿ ಪ್ರಯತ್ನಿಸಬೇಕೆಂದು ಕೋರಲಾಗಿದೆ.